ಎಡ ಭುಜದ ಹಿಂದಿನ ತೂತು

ಕಾನ್ಯಾದೊನ್ ಸೆಕೊ, ಸಾಂತಾ ಕ್ರೂಸ್
3 ಜೂನ್ 1987

ಎರ್ಸಿಲಿಯೊ ಭಾವ,

ನಿಮ್ಮ ತಂಗಿ ಚೆನ್ನಾಗಿದ್ದಾಳೆ. ಗಾಳಿ ಮಾತ್ರ ಚೆನ್ನಾಗಿಲ್ಲ. ಮೊನ್ನೆ ಒಗೆದು ಹಾಕಿದ ಎರಡು ಹೊದಿಕೆ ಎಣ್ಣೆಬಾವಿಗಳ ಕಡೆ ಹಾರಿಹೋದವು, ಇನ್ನೂ ಹುಡುಕುತ್ತಿದ್ದೇವೆ.

ವಿಷಯ ಇಷ್ಟು. ನನಗೆ ನಲವತ್ತನಾಲ್ಕು ತುಂಬಿತು. ಇಪ್ಪತ್ತು ವರ್ಷದಿಂದ ರೇಸ್ ಮೈದಾನದ ಬೇಲಿಗೆ ಒರಗಿ ಬೇರೆಯವರ ಧೂಳು ತಿಂದಿದ್ದೇನೆ. ಈ ವರ್ಷ ಬೇಲಿ ದಾಟಬೇಕು. ಪಂಪ್ ವಿಭಾಗದ ಗೆಳೆಯರು ಕುರಿಮರಿಗಳನ್ನು ಲಾಟರಿಗೆ ಇಟ್ಟು ಚೀಟಿ ಮಾರಿ ಹಣ ಕೂಡಿಸಿದ್ದಾರೆ. ನಲವತ್ತು ಜನ. ಎಲ್ಲರ ಹೆಸರನ್ನೂ ಕಾರಿನ ಬಾಗಿಲ ಮೇಲೆ ಬರೆಸುತ್ತೇನೆಂದು ಮಾತು ಕೊಟ್ಟಿದ್ದೇನೆ.

ನಮ್ಮ ಮನೆಯ ಫಿಯಟ್ 128 ಇದೆಯಲ್ಲ, ಅದನ್ನೇ ಬಿಚ್ಚಿ ರೇಸ್ ಕಾರು ಮಾಡಲೇ? ಅಥವಾ ಯಾರೋ ಓಡಿಸಿ ಬಿಟ್ಟ ಸಿದ್ಧ ರೇಸ್ ಕಾರನ್ನು ಕೊಳ್ಳಲೇ? ಬಿಡಿಭಾಗದ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೂತ ನಿಮ್ಮನ್ನಲ್ಲದೆ ಬೇರೆ ಯಾರನ್ನು ಕೇಳಲಿ?

ನೆಲಿದಾಗೆ ಇನ್ನೂ ಹೇಳಿಲ್ಲ. ನೀವೂ ಬರೆಯಬೇಡಿ.

ಡೆಲ್ಮಿರೊ


ಸಾನ್ ಎಲಾಡಿಯೊ, ಸಾಂತಾ ಫೆ
15 ಜೂನ್ 1987

ಡೆಲ್ಮಿರೊ,

ಈ ವಯಸ್ಸಿಗೆ ನಿನಗೆ ಹೆಂಗಸರ ಹುಚ್ಚು ಹಿಡಿದಿದ್ದರೆ ಖರ್ಚು ಕಡಿಮೆಯಿತ್ತು. ನನ್ನ ತಂಗಿಗೆ ಬರುವ ಸಿಟ್ಟಂತೂ ಎರಡಕ್ಕೂ ಒಂದೇ.

ಕೊಂಡುಕೋ. ಎರಡನೇ ಮಾತಿಲ್ಲ. ನನ್ನ ಮನೆಯ ಅಡುಗೆಕೋಣೆ ಕಟ್ಟಿಸಿದವನು ನಮ್ಮೂರಿನ ಬೇಕರಿಯವನು, ಪಾಪ, ಅವನಿಗೇ ಅದು ಗೊತ್ತಿಲ್ಲ. ತನ್ನ ಕಾರನ್ನು ರೇಸ್ ಕಾರು ಮಾಡುತ್ತೇನೆಂದು ಹೊರಟ. ಮೊದಲು ಸೀಟು, ಆಮೇಲೆ ಬೆಲ್ಟು, ಆಮೇಲೆ ಸ್ಪ್ರಿಂಗು. ಸ್ಪ್ರಿಂಗು ಬದಲಿಸಿದ ಮೇಲೆ ಚಕ್ರ ಕೂರಲಿಲ್ಲ, ಚಕ್ರ ಬದಲಿಸಿದ ಮೇಲೆ ಬ್ರೇಕು ಸಾಲಲಿಲ್ಲ. ಪ್ರತಿ ಶನಿವಾರ ಬಂದು ಹೋಗುತ್ತಿದ್ದ. ಎರಡು ವರ್ಷದ ಕೊನೆಗೆ ನನಗೆ ಅಡುಗೆಕೋಣೆಯಾಯಿತು, ಅವನಿಗೆ ಕಾರಾಗಲಿಲ್ಲ. ಅವನ ಹೆಂಡತಿ ಈಗಲೂ ಬಸ್ಸಿಗೆ ಕಾಯುತ್ತಾಳೆ.

ಮನೆಯ ಕಾರನ್ನು ಬಿಚ್ಚಿದ ದಿನವೇ ಅದು ಮನೆಯದಲ್ಲ, ಮೈದಾನದ್ದೂ ಅಲ್ಲ. ನೆಲಿದಾಗೆ ಜ್ವರ ಬಂದರೆ ಆಸ್ಪತ್ರೆಗೆ ನಲವತ್ತು ಕಿಲೋಮೀಟರ್ ಯಾವುದರಲ್ಲಿ ಕರೆದೊಯ್ಯುತ್ತೀ? ಸಿದ್ಧ ಕಾರಿನಲ್ಲಾದರೆ ಬೇರೊಬ್ಬ ತನ್ನ ಹುಚ್ಚಿಗೆ ಆಗಲೇ ದುಡ್ಡು ಸುರಿದಿರುತ್ತಾನೆ. ಕಾರು ಮಗುಚಿದರೆ ತಲೆ ಉಳಿಸುವ ಪೈಪಿನ ಪಂಜರ ಒಳಗೆ ಬೆಸೆದೇ ಇರುತ್ತದೆ. ತಪಾಸಣೆಯವರು ಪೈಪಿನ ದಪ್ಪ ನೋಡುವುದಕ್ಕೆ ಡ್ರಿಲ್ಲಿನಿಂದ ಒಂದು ತೂತು ಕೊರೆಯುತ್ತಾರಲ್ಲ, ಯಾವಾಗಲೂ ಚಾಲಕನ ಎಡ ಭುಜದ ಹಿಂದೆ, ಆ ತೂತು ಕೂಡ ಕೊರೆದೇ ಇರುತ್ತದೆ. ನೀನು ಹೋಗಿ ಕೂರುವುದಷ್ಟೇ.

ನೋಡು, ಅಂಗಡಿಯವನಾಗಿ ನಾನು ಹೇಳಬಾರದ ಮಾತನ್ನು ಹೇಳಿದ್ದೇನೆ. ತಂಗಿಯ ಗಂಡ ಅಂತ.

ಎರ್ಸಿಲಿಯೊ


ಕಾನ್ಯಾದೊನ್ ಸೆಕೊ
1 ಜುಲೈ 1987

ಭಾವ,

ನಿಮ್ಮ ಪತ್ರವನ್ನು ಪಂಪ್ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬೇಕರಿಯವನ ಕಥೆಗೆ ನಕ್ಕು ನಕ್ಕು ಒಬ್ಬ ಯೆರ್ಬಾ ಕಷಾಯವನ್ನು ಮೈಮೇಲೆ ಚೆಲ್ಲಿಕೊಂಡ.

ಈಗ ಅದೃಷ್ಟ ನೋಡಿ. ರೇಸ್ ವಾರಪತ್ರಿಕೆಯಲ್ಲಿ ಒಂದು ಜಾಹೀರಾತು: 128 ರೇಸ್ ಕಾರು, ನಾಲ್ಕು ಋತು ಓಡಿದ್ದು, ತಪಾಸಣೆ ಪಾಸು, ಮಾರುವವನು ತೊಸೆಲ್ಲಿ, ಊರು ಸಾನ್ ಎಲಾಡಿಯೊ! ನಿಮ್ಮ ಅಂಗಡಿಯಿಂದ ನಾಲ್ಕು ಬೀದಿ ಇರಬಹುದು. ನಾನು ಅವನಿಗೆ ಬರೆದೆ, ಉತ್ತರವೂ ಬಂತು. ತನ್ನ ಕಾರು ಆ ಭಾಗದ ಉಳಿದ ಕಾರುಗಳಿಗಿಂತ ಇಪ್ಪತ್ತು ಕಿಲೋ ಹಗುರವಂತೆ. ತಿರುವಿನಲ್ಲಿ ಹಕ್ಕಿಯಂತೆ ತಿರುಗುತ್ತದಂತೆ.

ನೀವು ಒಮ್ಮೆ ಹೋಗಿ ನೋಡಿ ಬರೆಯಿರಿ. ನಿಮ್ಮ ಕಣ್ಣು ಸಾಕು ನನಗೆ. ಬೇಗ. ನಮ್ಮ ದುಡ್ಡಿನ ಬೆಲೆ ಸೋಮವಾರ ಒಂದು, ಶುಕ್ರವಾರ ಇನ್ನೊಂದು.

ಡೆಲ್ಮಿರೊ


ಸಾನ್ ಎಲಾಡಿಯೊ
24 ಜುಲೈ 1987

ಡೆಲ್ಮಿರೊ,

ತಡವಾಯಿತು. ಶೀತ, ಕೆಮ್ಮು, ಜೊತೆಗೆ ಅಂಗಡಿಯ ಸಾಮಾನೆಣಿಕೆ.

ತೊಸೆಲ್ಲಿಯ ಕಾರನ್ನು ನೋಡಿದೆ. ಬೇಡ. ಎಂಜಿನ್ ದಣಿದಿದೆ. ಅವನ ಬಾಯಿ ಎಂಜಿನ್‌ಗಿಂತ ಜಾಸ್ತಿ ಓಡುತ್ತದೆ. ಗೇರ್ ಪೆಟ್ಟಿಗೆಯಲ್ಲೂ ಏನೋ ಸದ್ದು. ಅಲ್ಲದೆ ಇಲ್ಲಿಂದ ಅಲ್ಲಿಗೆ ಎರಡು ಸಾವಿರ ಕಿಲೋಮೀಟರ್ ಲಾರಿ ಬಾಡಿಗೆ.

ಯೋಚಿಸಿ ನೋಡಿದೆ. ನಿನ್ನ 128ನ್ನೇ ಬಿಚ್ಚುವುದು ಒಳ್ಳೆಯದು. ಅದರ ಪ್ರತಿ ನರಳಿಕೆಯೂ ನಿನಗೆ ಗೊತ್ತು. ನೀನೇ ಬೆಸೆದದ್ದನ್ನು ನೀನೇ ನಂಬಬಹುದು. ಬೇರೆಯವರ ಬೆಸುಗೆಯ ಒಳಗೆ ಏನಿದೆ ಅಂತ ಯಾರು ಕಂಡರು? ಹಿಂದಿನ ಪತ್ರದಲ್ಲಿ ಬರೆದದ್ದು ಸಾಮಾನ್ಯ ಮಾತು. ನಿನ್ನ ವಿಷಯ ಬೇರೆ.

ನೆಲಿದಾ ಹೇಗಿದ್ದಾಳೆ?

ಎರ್ಸಿಲಿಯೊ


ಕಾನ್ಯಾದೊನ್ ಸೆಕೊ
5 ಆಗಸ್ಟ್ 1987

ಭಾವ,

ಜೂನಿನ ಎರ್ಸಿಲಿಯೊ ಒಬ್ಬ, ಜುಲೈಯವನು ಇನ್ನೊಬ್ಬನೇ? ಎರಡೂ ಪತ್ರವನ್ನು ಅಕ್ಕಪಕ್ಕ ಇಟ್ಟು ಓದಿದೆ. ಬೇಕರಿಯವನು ಎಲ್ಲಿ ಹೋದ? ನನ್ನ ಹೆಂಡತಿಯ ಜ್ವರ ಎಲ್ಲಿ ಹೋಯಿತು?

ಪಂಪ್ ಕೋಣೆಯಲ್ಲಿ ಎರಡು ಅಭಿಪ್ರಾಯವಿದೆ. ಒಬ್ಬ ಹೇಳಿದ, "ನಿನ್ ಭಾವ ಅಂಗಡೀಲಿ ತುಕ್ಕು ಹಿಡಿದಿರೋ ಸಾಮಾನೆಲ್ಲ ನಿನ್ ತಲೆಗೆ ಕಟ್ಟೋಕೆ ನೋಡ್ತಾ ಇದಾನೆ ಕಣೋ. ಅಡುಗೆಮನೆ ಆಯ್ತು, ಈಗ ಬಚ್ಚಲುಮನೆ." ಇನ್ನೊಬ್ಬ, "ಇಲ್ಲ ಬಿಡು, ತಂಗಿ ಗುಟ್ಟಾಗಿ ಕಾಗದ ಬರೆದಿದಾಳೆ. 128 ಬಿಚ್ಚೋಕೆ ಎರಡು ವರ್ಷ ಆಗುತ್ತೆ, ಅಷ್ಟರಲ್ಲಿ ಹುಚ್ಚು ಇಳಿಯುತ್ತೆ ಅಂತ ಲೆಕ್ಕ."

ನಾನು ಎರಡನೆಯದಕ್ಕೆ ಕೈ ಎತ್ತಿದೆ. ಮೊದಲನೆಯದು ನಿಜವಾಗಿದ್ದರೆ ಬೇಸರವಾಗುತ್ತಿತ್ತು.

ನಿಜ ಹೇಳಿ. ಕಾರಿನಲ್ಲಿ ತೊಂದರೆ ಏನು? "ಏನೋ ಸದ್ದು" ಎನ್ನುವ ಮಾತು ನಿಮ್ಮದಲ್ಲ. ನೀವು ಸದ್ದು ಕೇಳಿದರೆ ಹಲ್ಲಿನ ಎಣಿಕೆ ಸಮೇತ ಹೇಳುವವರು.

ಡೆಲ್ಮಿರೊ


ಸಾನ್ ಎಲಾಡಿಯೊ
17 ಆಗಸ್ಟ್ 1987

ಡೆಲ್ಮಿರೊ,

ನೆಲಿದಾ ನನಗೆ ಬರೆದಿಲ್ಲ. ಬಚ್ಚಲುಮನೆ ಈಗಿರುವುದೇ ಸಾಕು.

ನಿನ್ನ ಅನುಮಾನ ಹೋಗಲಿ ಅಂತ ಇದನ್ನು ಬರೆಯುತ್ತಿದ್ದೇನೆ: 128ಕ್ಕೆ ಬೇಕಾದ ಸೀಟು, ಬೆಲ್ಟು, ಸ್ಪ್ರಿಂಗು ಎಲ್ಲ ನನ್ನ ಲೆಕ್ಕ. ಪಂಜರದ ಪೈಪ್ ಕೂಡ. ಒಳ್ಳೆಯದು, ಎರಡೂವರೆ ಮಿಲಿಮೀಟರ್ ದಪ್ಪದ್ದು, ಆರು ಮೀಟರಿನ ನಾಲ್ಕು ಉದ್ದ. ಒಂದು ಪೈಸೆಯೂ ಬೇಡ. ರೈಲಿಗೆ ಹಾಕಲೇ? ಹೂಂ ಅಂತ ಒಂದು ಸಾಲು ಬರೆ.

ತೊಸೆಲ್ಲಿಗೆ ದುಡ್ಡು ಕಳಿಸಬೇಡ. ಕಾರಣ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಕಾಗದದಲ್ಲಿ ಹಿಡಿಸುವುದಿಲ್ಲ.

ಎರ್ಸಿಲಿಯೊ


ಕಾನ್ಯಾದೊನ್ ಸೆಕೊ
19 ಸೆಪ್ಟೆಂಬರ್ 1987

ಭಾವ,

ತಿಂಗಳು ಸುಮ್ಮನಿದ್ದೆ, ಕ್ಷಮಿಸಿ. ಕೊಂಡೆ.

ನಿಮ್ಮ ಕೊನೆಯ ಪತ್ರವೇ ನಿರ್ಧಾರ ಮಾಡಿಸಿತು. ಬೋಲ್ಟಿನ ಜೊತೆ ವಾಷರ್ ಬಿಟ್ಟಿ ಕೊಡದ ಮನುಷ್ಯ ಇಡೀ ಕಾರಿನ ಸಾಮಾನು ಬಿಟ್ಟಿ ಕೊಡುತ್ತೇನೆಂದ ಮೇಲೆ ನನಗೆ ಎಲ್ಲ ಅರ್ಥವಾಯಿತು. ತಂಗಿಯ ಮೇಲಿನ ಪ್ರೀತಿ. ತಪ್ಪೇನಿಲ್ಲ.

ಲಾರಿ 14ನೇ ತಾರೀಕು ಬಂತು. ನೆಲಿದಾ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಇದೇನ್ರೀ ಇದು?" "ಕಾರು." "ಕಾರು ಅಂತ ಕಾಣುತ್ತೆ. ಯಾರ್ದು?" "ನಮ್ದು." ಅವಳು ಸುತ್ತಲೂ ಒಂದು ಸುತ್ತು ಹಾಕಿದಳು. ಒಳಗೆ ಬಗ್ಗಿ ಪಂಜರದ ಪೈಪನ್ನು ಹಿಡಿದು ಅಲ್ಲಾಡಿಸಿದಳು. "ಇದು ಗಟ್ಟಿ ಇದೆಯಾ?" "ತಪಾಸಣೆ ಆಗಿದೆ, ನೋಡು, ತೂತು." ಅದಕ್ಕೆ ಬೆರಳಿಟ್ಟು ನೋಡಿ, "ಸರಿ, ನಂಬರು ನಾನೇ ಬರೀತೀನಿ. ನಿಮ್ ಕೈಬರಹ ಯಾರಿಗೂ ಓದೋಕಾಗಲ್ಲ" ಅಂದಳು. ಮೂರು ತಿಂಗಳು ಹೆದರಿದ್ದು ಇದಕ್ಕೆ!

ಇಪ್ಪತ್ತೇಳು. ಬಿಳಿ ಬಣ್ಣದಲ್ಲಿ. ನಲವತ್ತು ಹೆಸರೂ ಆಯಿತು. ರೇಸ್ ಅಕ್ಟೋಬರ್ 11ಕ್ಕೆ.

ಡೆಲ್ಮಿರೊ


ಸಾನ್ ಎಲಾಡಿಯೊ
29 ಸೆಪ್ಟೆಂಬರ್ 1987
ರಿಜಿಸ್ಟರ್ಡ್

ಡೆಲ್ಮಿರೊ,

ನಿನ್ನ ಪತ್ರ ನಿನ್ನೆ ಬಂತು. ನಿನ್ನೆಯೂ ಇವತ್ತೂ ಟೆಲಿಫೋನ್ ಕಚೇರಿಯ ಬೆಂಚಿನ ಮೇಲೆ ಕೂತೆ, ನಿಮ್ಮ ಕ್ಯಾಂಪಿನ ಲೈನ್ ಸಿಗಲಿಲ್ಲ. ಈಗಷ್ಟೇ ಟೆಲಿಗ್ರಾಂ ಕೊಟ್ಟು ಬಂದೆ: ಓಡಿಸಬೇಡ, ಪಂಜರ ಸುಳ್ಳು, ಪತ್ರ ಬರುತ್ತಿದೆ. ಅದನ್ನು ನೀನು ನಂಬಲಿಕ್ಕಿಲ್ಲ ಅನ್ನುವ ಹೆದರಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ಎಡ ಭುಜದ ಹಿಂದಿನ ತೂತನ್ನು ನೋಡಬೇಡ. ಅದು ಸರಿಯಾಗಿಯೇ ಇರುತ್ತದೆ.

1983ರ ಮಾರ್ಚ್. ತೊಸೆಲ್ಲಿ ಅಂಗಡಿಗೆ ಬಂದು ಪಂಜರಕ್ಕೆ ದಪ್ಪ ಪೈಪ್ ನಾಲ್ಕು ಉದ್ದ ಕೇಳಿದ. ಬೆಲೆ ಹೇಳಿದೆ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಒಂದು ದಪ್ಪದ್ದು ಕೊಡು. ಉಳಿದ ಮೂರು ಕುರ್ಚಿ ಪೈಪ್ ಕೊಡು."

"ಕುರ್ಚಿ ಮಾಡ್ತೀಯೇನೋ?"

"ಹೂಂ, ಕುರ್ಚಿನೇ. ಕೂತ್ಕೊಳ್ಳೋಕೆ ತಾನೇ!"

ಇಬ್ಬರೂ ನಕ್ಕೆವು. ಕುರ್ಚಿ ಪೈಪ್ ಅಂದರೆ ಶಾಲೆಯ ಬೆಂಚಿಗೆ ಹಾಕುವಂಥದ್ದು, ದಪ್ಪ ಒಂದು ಮಿಲಿಮೀಟರಿಗೆ ಸ್ವಲ್ಪ ಮೇಲೆ. ತಪಾಸಣೆಯವರು ಎಲ್ಲಿ ಕೊರೆಯುತ್ತಾರೆ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ದಪ್ಪದ ಒಂದು ಉದ್ದ ಸೀಟಿನ ಹಿಂದಿನ ಕಮಾನಿಗೆ ಹೋಗುತ್ತದೆ. ಪಂಜರದ ಮುಂದಿನ ಕಾಲು, ತಲೆಯ ಮೇಲಿನದು, ಬಾಗಿಲ ಅಡ್ಡದ್ದು, ಎಲ್ಲ ಕುರ್ಚಿ. ಹೊರಗಿನ ಸುತ್ತಳತೆ ಒಂದೇ ಇರುವಂತೆ ಆರಿಸಿ ಕೊಟ್ಟವನು ನಾನೇ. ಬಣ್ಣ ಬಳಿದರೆ ಅವಳಿ ಮಕ್ಕಳು. ಲೆಕ್ಕದ ಪುಸ್ತಕದಲ್ಲಿ ನನ್ನ ಅಕ್ಷರದಲ್ಲೇ ಇದೆ: ಒಂದು ದಪ್ಪ, ಮೂರು ಕುರ್ಚಿ. ಗಿರಾಕಿ ಪೈಪ್ ಒಯ್ದು ಏನು ಮಾಡುತ್ತಾನೆ ಎನ್ನುವುದಕ್ಕೆ ನನ್ನ ಪುಸ್ತಕದಲ್ಲಿ ಕಲಂ ಇಲ್ಲ ಅಂತ ಆಗ ಅಂದುಕೊಂಡೆ. ನಿನ್ನ ಇಪ್ಪತ್ತು ಕಿಲೋ ಹಗುರ ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ಲ.

ಜುಲೈಯಲ್ಲಿ ಅವನ ಗ್ಯಾರೇಜಿಗೆ ಹೋಗಿ ಮುಂದಿನ ಕಾಲನ್ನು ಕೀಲಿಯಿಂದ ತಟ್ಟಿದೆ. ತೊಸೆಲ್ಲಿ ಹೇಳಿದ, "ಏನಯ್ಯ, ಬಾಗಿಲು ತಟ್ತಾ ಇದೀಯ? ಒಳಗೆ ಯಾರೂ ಇಲ್ಲ. ನೋಡು, ಮಾರಿದೋನು ನೀನು, ಬೆಸೆದೋನು ನಾನು. ಇಬ್ಬರೂ ಬಾಯಿ ಮುಚ್ಕೊಂಡಿದ್ರೆ ಇಬ್ಬರಿಗೂ ಒಳ್ಳೇದು." ನಾನು ಮುಚ್ಚಿಕೊಂಡೆ. ನಿನಗೆ ಗೇರ್ ಪೆಟ್ಟಿಗೆಯ ಕಥೆ ಬರೆದೆ.

ಇನ್ನೊಂದು. ಸೆಪ್ಟೆಂಬರ್ 10ಕ್ಕೆ ಲಾರಿ ಆ ಕಾರನ್ನು ಹೊತ್ತುಕೊಂಡು ನನ್ನ ಅಂಗಡಿಯ ಮುಂದೆಯೇ ಹೋಯಿತು. "ದಕ್ಷಿಣದವನೊಬ್ಬ ಕೊಂಡ" ಅಂದರು. ದಕ್ಷಿಣದಲ್ಲಿ ಬಹಳ ಜನ ಇದ್ದಾರೆ ಅಂದುಕೊಂಡು ಬೋಲ್ಟು ಎಣಿಸಿದೆ. ಹದಿನೆಂಟು ದಿನ ಎಣಿಸಿದೆ. ಕೊಂಡವನು ನೀನಲ್ಲದಿದ್ದರೆ ಈಗಲೂ ಎಣಿಸುತ್ತಿದ್ದೆನೇನೋ.

ನಿನ್ನ ಬಲಗಾಲಿನ ಹತ್ತಿರ, ಪಂಜರದ ಮುಂದಿನ ಕಾಲನ್ನು ಕೊರೆದು ನೋಡು.

ಎರ್ಸಿಲಿಯೊ


ಕಾನ್ಯಾದೊನ್ ಸೆಕೊ
12 ಅಕ್ಟೋಬರ್ 1987

ಭಾವ,

ನಿಮ್ಮ ಟೆಲಿಗ್ರಾಂ 30ಕ್ಕೆ ಬಂತು. ಓದಿದೊಡನೆ ಅಳತೆಯ ಕೊಕ್ಕೆ ಹಿಡಿದು ಹೋಗಿ ಎಡ ಭುಜದ ಹಿಂದಿನ ತೂತಿನಲ್ಲಿ ಪೈಪಿನ ದಪ್ಪ ಅಳೆದೆ. ಎರಡೂವರೆ, ಸರಿಯಾಗಿ. ಪಂಪ್ ಕೋಣೆಯಲ್ಲಿ ಟೆಲಿಗ್ರಾಂ ತೋರಿಸಿ ಎಲ್ಲರನ್ನೂ ನಗಿಸಿದೆ. ತಂಗಿಗಾಗಿ ಮನುಷ್ಯ ಸುಳ್ಳಿನ ಟೆಲಿಗ್ರಾಂ ಕೂಡ ಕೊಡುತ್ತಾನಲ್ಲ ಅಂತ.

ಪತ್ರ 9ಕ್ಕೆ, ಶುಕ್ರವಾರ ಬಂತು. ಅದನ್ನು ಮೂರು ಸಲ ಓದಿದೆ. ಕಾರನ್ನು ಮುಟ್ಟಲಿಲ್ಲ. ಮುಟ್ಟುವುದಕ್ಕೆ ಧೈರ್ಯವಾಗಲಿಲ್ಲ. ನೆಲಿದಾ "ಅಣ್ಣ ಏನಂತೆ?" ಅಂದಳು. "ಲಾರಿ ಬಾಡಿಗೆ ವಿಷಯ" ಅಂದೆ.

ಶನಿವಾರ ತಪಾಸಣೆ. ನಲವತ್ತು ಜನವೂ ಬಂದಿದ್ದರು. ಕುರಿ ಸುಡುವ ಬೆಂಕಿ ಆಗಲೇ ಹೊತ್ತಿತ್ತು. ನೆಲಿದಾ ನನ್ನ ಹೆಲ್ಮೆಟನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದಳು. ತಪಾಸಣೆಯವನು ಬಂದ, ಎಡಗಡೆ ಬಗ್ಗಿದ, ಹಳೆಯ ತೂತಿಗೆ ಕೊಕ್ಕೆ ಹಾಕಿದ. "ಸರಿ ಇದೆ. ಮುಂದಿನ ಕಾರು!" ಗಾಜಿಗೆ ಹಸಿರು ಚೀಟಿ ಅಂಟಿಸಿಯೇಬಿಟ್ಟ.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು ಭಾವ. ಸುಮ್ಮನಿರುವುದು ಎಷ್ಟು ಸುಲಭ ಅಂತ ಆ ಗಳಿಗೆ ನನಗೂ ಗೊತ್ತಾಯಿತು.

"ಸ್ವಾಮಿ, ಇಲ್ಲೊಂದು ಕೊರೀರಿ," ಅಂತ ಮುಂದಿನ ಕಾಲನ್ನು ತೋರಿಸಿದೆ.

"ಏನ್ರೀ ಇದು! ಎಲ್ಲರೂ ಕೊರೀಬೇಡಿ ಅಂತ ಕೈ ಮುಗೀತಾರೆ, ನೀವು ಕೊರೀರಿ ಅಂತೀರಲ್ಲ!"

"ಕೊರೀರಿ."

ಡ್ರಿಲ್ ಒಳಗೆ ಬಿದ್ದೇಹೋಯಿತು. ಬಿಸ್ಕತ್ತಿನ ಡಬ್ಬಿಗೆ ಮೊಳೆ ಹೊಡೆದ ಹಾಗೆ. ಅವನು ಕೊಕ್ಕೆ ಹಾಕಿ ನೋಡಿದ, ಒರೆಸಿ ಮತ್ತೆ ನೋಡಿದ. ದನಿ ತಗ್ಗಿಸಿ ಅಂದ, "ಇದರಲ್ಲಿ ಮಕ್ಕಳಿಗೆ ಬೆಂಚು ಮಾಡಿಸಬಹುದು. ಎಲ್ಲಿ ತಗೊಂಡ್ರಿ?" "ಕೊಂಡದ್ದು" ಅಂದೆ, ಅಷ್ಟೇ. ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ.

ಭಾನುವಾರ ನಾನು ಬೇಲಿಯ ಹೊರಗೇ ನಿಂತೆ. ಮೂರನೇ ತಿರುವಿನಲ್ಲಿ ಕೆಂಪು ಕಾರೊಂದು ಮೂರು ಪಲ್ಟಿ ಹೊಡೆದು ತಲೆಕೆಳಗಾಗಿ ನಿಂತಿತು. ಅದರ ಚಾಲಕ ಕಿಟಕಿಯಿಂದ ತೆವಳಿ ಬಂದು ಒಂದು ಕಾಲಿನ ಶೂ ಹುಡುಕುತ್ತಿದ್ದ. ಎಲ್ಲರೂ ಅವನನ್ನು ನೋಡಿದರು. ನಾನು ಕಾರಿನ ಮುಂದಿನ ಕಾಲುಗಳನ್ನು ನೋಡಿದೆ. ನೆಟ್ಟಗಿದ್ದವು. ಪಕ್ಕದಲ್ಲಿ ನೆಲಿದಾ ನನ್ನ ತೋಳನ್ನು ಹಿಡಿದ ಗುರುತು ಇನ್ನೂ ಹೋಗಿಲ್ಲ.

ನಿಮ್ಮನ್ನು ಬೈಯಲು ನಾಲ್ಕು ಸಲ ಕೂತೆ. ಬೈಗುಳ ಬರುವ ಮೊದಲು ಪ್ರಶ್ನೆಯೊಂದು ಬರುತ್ತದೆ, ಅದನ್ನೇ ಕೇಳುತ್ತೇನೆ. ಪುಸ್ತಕ ತೆಗೆಯಿರಿ. ಒಂದು ದಪ್ಪ, ಮೂರು ಕುರ್ಚಿ. ಅಂಥ ಸಾಲು ಇನ್ನೆಷ್ಟಿದೆ?

ಡೆಲ್ಮಿರೊ


ಸಾನ್ ಎಲಾಡಿಯೊ
26 ಅಕ್ಟೋಬರ್ 1987

ಡೆಲ್ಮಿರೊ,

ಮೂರು.

ತೊಸೆಲ್ಲಿ ಗೆಲ್ಲತೊಡಗಿದ ಮೇಲೆ ಇನ್ನೂ ಮೂವರು ಬಂದು ಅದನ್ನೇ ಕೇಳಿದ್ದರು. ನಾನು ಏನೂ ಕೇಳಿರಲಿಲ್ಲ. ಮೂರನೆಯವನ ಹೊತ್ತಿಗೆ ನಾನು ನಗುವುದನ್ನೂ ಬಿಟ್ಟಿದ್ದೆ.

ಅಂಗಡಿಗೆ ಬೀಗ ಹಾಕಿ ಕೈ ಡ್ರಿಲ್ ತೆಗೆದುಕೊಂಡು ಹೊರಟೆ. ಮೊದಲನೆಯವನು ಚೀಸ್ ಮಾಡುವವನು. ಅವನ ಎದುರಿಗೇ ಕೊರೆದೆ. ಅವನು ಟೈರಿನ ಮೇಲೆ ಕೂತುಬಿಟ್ಟ. ಕಾರು ಕೊಂಡಾಗಿನಿಂದ ಓಡಿಸುತ್ತಿರುವುದು ಅವನಲ್ಲ, ಅವನ ತಮ್ಮ. ಎರಡನೆಯವನು, "ನಾಲ್ಕು ವರ್ಷದ ಮೇಲೆ ಉಪದೇಶ ಮಾಡೋಕೆ ಬಂದ್ಯಾ, ಮುದುಕಾ? ಹೊಸ ಪೈಪ್ ಮಾರೋ ಉಪಾಯ ಇದು!" ಅಂತ ಗೇಟಿನ ಆಚೆ ತಳ್ಳಿದ. ಮಾರನೇ ದಿನ ತಾನೇ ಕೊರೆದುಕೊಂಡು ಅಂಗಡಿಗೆ ಬಂದ, ಮುಖ ನೋಡದೆ ಪೈಪ್ ಎತ್ತಿಕೊಂಡು ಹೋದ. ಇಬ್ಬರಿಗೂ ಬೆಲೆ ಹಾಕಿಲ್ಲ.

ಮೂರನೆಯವನು ಎರಡು ವರ್ಷದ ಹಿಂದೆಯೇ ಕಾರನ್ನು ಚಾಕೊ ಕಡೆಯವನಿಗೆ ಮಾರಿದ್ದಾನೆ. ಆ ಚಾಕೊದವನು ಬೇರೆ ಯಾರಿಗೋ ಮಾರಿದ. ಬಿಳಿ ಕಾರು, ನೀಲಿ ಪಟ್ಟೆ. ವಾರಪತ್ರಿಕೆಯಲ್ಲಿ ನನ್ನ ಹೆಸರು ಹಾಕಿ ಪ್ರಕಟಣೆ ಕೊಟ್ಟಿದ್ದೇನೆ: ಈ ಕಾರು ಯಾರ ಬಳಿ ಇದೆಯೋ ಅವರು ಬಲಗಾಲಿನ ಹತ್ತಿರ ಕೊರೆದು ನೋಡಿ. ಊರಿನಲ್ಲಿ ಎಲ್ಲರೂ ಓದಿದ್ದಾರೆ. ತೊಸೆಲ್ಲಿ ಬೀದಿಯ ಆಚೆ ಬದಿಗೆ ದಾಟಿ ನಡೆಯುತ್ತಾನೆ, ಬೇಕರಿಯವನು ಬ್ರೆಡ್ಡನ್ನು ಮೇಜಿನ ಮೇಲೆ ಇಡುತ್ತಾನೆ, ಕೈಗೆ ಕೊಡುವುದಿಲ್ಲ. ಆ ಕಾರಿನವರಿಂದ ಉತ್ತರ ಬಂದಿಲ್ಲ. ಸೋಮವಾರದ ಪೇಪರ್ ಬಂದರೆ ಮೊದಲು ರೇಸ್ ಪುಟ ತೆಗೆಯುತ್ತೇನೆ, ಹೆಸರು ಓದುವುದಿಲ್ಲ, ಕಾರಿನ ಬಣ್ಣ ಓದುತ್ತೇನೆ.

ನಿನಗೆ ರೈಲಿನಲ್ಲಿ ನಾಲ್ಕು ಉದ್ದ ಪೈಪ್ ಕಳಿಸಿದ್ದೇನೆ. ಪ್ರತಿಯೊಂದರ ಎರಡೂ ತುದಿಯಿಂದ ಒಂದೊಂದು ಉಂಗುರ ಕತ್ತರಿಸಿ ತಂತಿಗೆ ಪೋಣಿಸಿ ಕಟ್ಟಿದ್ದೇನೆ, ಎಂಟು ಉಂಗುರ. ಬಿಚ್ಚುವ ಮೊದಲು ಅಳೆ. 128ಕ್ಕೆ ಹಾಕುತ್ತೀಯೋ ತೊಸೆಲ್ಲಿಯ ಕಾರಿಗೆ ಹಾಕುತ್ತೀಯೋ, ನಾನು ಇನ್ನು ಸಲಹೆ ಕೊಡುವುದಿಲ್ಲ. ಏನನ್ನೂ ಹಾಕದೆ ಬೇಲಿಯ ಬಳಿ ನಿಂತರೂ ಸರಿ.

ನೆಲಿದಾಗೆ ಹೇಳಬೇಡ ಅಂತ ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ.

ಎರ್ಸಿಲಿಯೊ


ಕಾನ್ಯಾದೊನ್ ಸೆಕೊ
21 ನವೆಂಬರ್ 1987

ಭಾವ,

ನೆಲಿದಾ ನಿಮ್ಮ ಕೊನೆಯ ಎರಡೂ ಪತ್ರ ಓದಿದಳು. ನಾನೇ ಕೊಟ್ಟೆ. ಸಂಜೆ ಪಾತ್ರೆ ತೊಳೆಯುತ್ತಾ ಅಂದಳು, "ಅಂಗಡಿ ಇಟ್ಟ ವರ್ಷ ತಕ್ಕಡಿ ಒಂದು ಗ್ರಾಂ ಜಾಸ್ತಿ ತೂಗುತ್ತೆ ಅಂತ ರಾತ್ರಿ ನಿದ್ದೆ ಮಾಡ್ತಾ ಇರ್ಲಿಲ್ಲ ಇವನು. ಯಾವಾಗ ನಿದ್ದೆ ಬರೋಕೆ ಶುರುವಾಯ್ತೋ." ಅದನ್ನು ಬರೆಯಲೇ ಅಂತ ಕೇಳಿದೆ. ಬರೆಯಿರಿ ಅಂದಳು.

128 ರಸ್ತೆಯಲ್ಲೇ ಇರುತ್ತದೆ. ಅದು ಅವಳದು. ಕುರ್ಚಿಗಳನ್ನೆಲ್ಲ ಕತ್ತರಿಸಿ ತೆಗೆದು, ತೊಸೆಲ್ಲಿಯ ಕಾರಿಗೇ ಹೊಸ ಪಂಜರ ಬೆಸೆದೆವು. ಮೂರು ವಾರ ಹಿಡಿಯಿತು. ಕೊಂಡ ಕಾರನ್ನೂ ಕಟ್ಟಿದ್ದಾಯಿತು, ನಿಮ್ಮ ಎರಡು ಸಲಹೆಯೂ ನಡೆದಂತಾಯಿತು. ಇಪ್ಪತ್ತು ಕಿಲೋ ಭಾರವಾಗಿದೆ. ಈಗ ಹಕ್ಕಿಯಂತೆ ತಿರುಗುವುದಿಲ್ಲ, ಕುರಿಯಂತೆ ತಿರುಗುತ್ತದೆ. ಡಿಸೆಂಬರ್ 6ಕ್ಕೆ ರೇಸ್. ನಲವತ್ತು ಜನರಲ್ಲಿ ಮೂವತ್ತೊಂಬತ್ತು ಜನ ಬರುತ್ತಾರೆ. ಒಬ್ಬನಿಗೆ ಆ ಶನಿವಾರದ ಡ್ರಿಲ್ಲಿನ ಸದ್ದು ಇನ್ನೂ ಕಿವಿಯಲ್ಲಿದೆಯಂತೆ.

ಬಿಳಿ ಕಾರು, ನೀಲಿ ಪಟ್ಟೆ. ನಾವೂ ಇಲ್ಲಿ ವಿಚಾರಿಸುತ್ತಿದ್ದೇವೆ. ಸುದ್ದಿ ಸಿಕ್ಕರೆ, ಎಂಥದ್ದೇ ಆಗಿರಲಿ, ಟೆಲಿಗ್ರಾಂ ಕೊಡಿ. ಈ ಸಲ ನಗುವುದಿಲ್ಲ.

ಉಂಗುರಗಳು ಬಂದವು. ಎಂಟನ್ನೂ ಅಳೆದೆ, ಎಂಟೂ ಸರಿಯಾಗಿವೆ. ಆದರೂ ಪಂಜರ ಬೆಸೆದಾದ ಮೇಲೆ ಕೊರೆದೆ. ಐದು ಕಡೆ. ಎಲ್ಲ ಕಡೆಯೂ ಎರಡೂವರೆ. ನೋಡಿ ನೋಡಿ ಮತ್ತೆ ಬೆಸೆದು ಮುಚ್ಚಿದೆ. ಬೇಸರ ಮಾಡಿಕೊಳ್ಳಬೇಡಿ.

ಆರನೆಯದನ್ನು ಬಲಗಾಲಿನ ಹತ್ತಿರ ನೆಲಿದಾ ಕೊರೆದಳು. ಅದನ್ನು ಮುಚ್ಚಲು ಬಿಡಲಿಲ್ಲ.

ಡೆಲ್ಮಿರೊ